ಕೆಂಪು ಗೆರೆಯ ಆಚೆ

ನಮ್ಮ ಮಿಕ್ಸರಿನ ಮೇಲೆ ಇಂಗ್ಲಿಷಿನಲ್ಲಿ ಏನೇನು ಬರೆದಿದೆ ಎಂದು ಇವತ್ತಿಗೂ ನನಗೆ ಓದಲು ಬರುವುದಿಲ್ಲ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ, ಅದೂ ಅರ್ಧ. ಆದರೆ ಅದರ ಎಂಟು ಸಾಲುಗಳಲ್ಲಿ ಯಾವ ನಾಬು ಏನು ಮಾಡುತ್ತದೆ ಎಂದು ಕಣ್ಣು ಕಟ್ಟಿ ಕೇಳಿದರೂ ಹೇಳಬಲ್ಲೆ.

ಬಸವಕಲ್ಯಾಣದಲ್ಲಿ ನಮ್ಮದು ಮೈಕ್ ಸೆಟ್ಟಿನ ಧಂದೆ. ತೊಂಬತ್ತರ ಆಸುಪಾಸಿನಲ್ಲಿ ನಮ್ಮ ಯಜಮಾನರು ಸೊಲ್ಲಾಪುರದಿಂದ ಆ ಹಳೆಯ ಮಿಕ್ಸರ್, ಮೈಕುಗಳ ದನಿ ಕೂಡಿಸಿ ಸ್ಪೀಕರಿಗೆ ಕಳಿಸುವ ಪೆಟ್ಟಿಗೆ, ತಂದರು. ನನಗೆ ಕಲಿಸುವಾಗ ಅಕ್ಷರದ ಗೋಜಿಗೆ ಹೋಗಲಿಲ್ಲ. ನನ್ನ ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ, ಉಗುರು ಬಣ್ಣದ ಶೀಶೆ ಇಸಿದುಕೊಂಡು ಪ್ರತಿ ಸಾಲಿನ ಮೇಲ್ತುದಿಯ ನಾಬಿನ ಪಕ್ಕ ಒಂದು ಕೆಂಪು ಗೆರೆ ಎಳೆದರು.

"ಅವಾಜ್ ಒಳಗ ಬರೋ ಬಾಗಲ ಇದು. ಈ ಗೆರಿ ದಾಟಿಸಿದಿ ಅಂದ್ರ ಕೆಂಪು ದೀಪ ಹತ್ತತದ. ಕೆಂಪು ದೀಪ ಹತ್ತಿತಂದ್ರ ಅವಾಜ್ ಒಡೀತದ," ಎಂದರು. ಇನ್ನೊಂದು ಮಾತೂ ಹೇಳಿದರು. "ಮೈಕಿನ ತೂತಿಗಿ ಮೈಕೇ ಹಾಕಬೇಕು, ಟೇಪಿನ ತೂತಿಗಿ ಟೇಪ್. ಮೈಕಿನ ತೂತಿಂದು ಸಣ್ಣ ಕಿವಿ. ಟೇಪ್ ಹಾಕಿದ್ರ ತಡಕೊಳ್ಳಂಗಿಲ್ಲ."

ಅವರು ಹೋದ ಮೇಲೆ ಧಂದೆ ನಾನೇ ನಡೆಸಿದೆ. ಆ ಎರಡು ಮಾತು ಮೀರಲಿಲ್ಲ. ಮೀರಿದ್ದು ಒಂದೇ ಸಲ, ಎರಡೂ ಮಾತು ಒಟ್ಟಿಗೆ. ಅದನ್ನೇ ಇಲ್ಲಿ ಹೇಳುತ್ತೇನೆ.

ನೆಗೆಣ್ಣಿ ನಮ್ಮ ಓಣಿಯ ಭಜನಿ ಮಂಡಳಿಗೆ ಮುಂದಾಳು. ಅವಳು ಒಂದು ನುಡಿ ಎತ್ತಬೇಕು, ಹಿಂದೆ ಕೂತ ಹೆಂಗಸರು ಅದನ್ನೇ ಮರಳಿ ಹೇಳಬೇಕು. ಪದ ಹಾಗೆ ಸಾಗುತ್ತದೆ. ನಾರಾಯಣಪುರ, ದುಬಲಗುಂಡಿ, ಎಲ್ಲಿ ಕರೆದರೂ ಹಾಡಲು ಅವಳು, ಮಿಕ್ಸರಿಗೆ ನಾನು. ನಾಲ್ಕನೆಯ ಸಾಲು ಅವಳ ಮೈಕಿನದು. ಬೇರೆ ಯಾರಿಗೂ ಕೊಡುತ್ತಿರಲಿಲ್ಲ.

ಅವಳಿಗೆ ಕೊನೆಯವರೆಗೂ ಮೈಕ್ ಹಿಡಿಯಲು ಬರಲಿಲ್ಲ. ತಗ್ಗಿನ ನುಡಿಗೆ ಸುಮ್ಮನೆ ಕೂತಿರುವಳು. ಮೇಲಿನ ನುಡಿ ಬಂತೆಂದರೆ ಮುಂದೆ ಬಾಗಿ ಮೈಕನ್ನು ತುಟಿಗೇ ಒತ್ತಿಕೊಳ್ಳುವಳು. ನಾಲ್ಕನೆಯ ಸಾಲಿನಲ್ಲಿ ಕೆಂಪು ದೀಪ ಹತ್ತುವುದು, ನನ್ನ ಕೈ ನಾಬಿಗೆ ಹೋಗಿ ಇಳಿಸುವುದು. ಇಳಿಸುವಷ್ಟರಲ್ಲಿ ಅರ್ಧ ನುಡಿ ಒಡೆದೇ ಹೊರಗೆ ಹೋಗಿರುತ್ತಿತ್ತು. ಹನ್ನೆರಡು ವರ್ಷ ಇದೇ ಜಗಳ.

"ಮೈಕ್ ದೂರ ಹಿಡಿಯಬೇ. ಅದೇನ್ ಬಾಯೋ ಭೋಂಗಾನೋ?" ಎನ್ನುತ್ತಿದ್ದೆ. ಭೋಂಗಾ ಎಂದರೆ ಕಂಬಕ್ಕೆ ಕಟ್ಟುವ ತಗಡಿನ ದೊಡ್ಡ ಸ್ಪೀಕರು.

"ಅಕ್ಕಾ, ನಾ ನಿನ್ನ ದೀಪಕ್ಕ ಹಾಡಂಗಿಲ್ಲ. ಅಲ್ಲಿ ಕಡೀಗಿ ಕುಂತಾಳಲ್ಲ ಮುದುಕಿ, ಅಕಿಗಿ ಹಾಡ್ತೀನಿ."

ಮುದುಕಿ ಎಂದರೆ ನಮ್ಮಿಬ್ಬರ ಅತ್ತೆ. ಕಿವಿ ಮಂದ. ಭೋಂಗಾದ ಬುಡದಲ್ಲೇ ಚಾಪೆ ಹಾಸಿಕೊಂಡು ಕೂತು ಅಲ್ಲಿಂದ ಒದರುತ್ತಿದ್ದಳು: "ಅಕಿಗಿ ಮೈಕ್ ದೂರ ಹಿಡಿ ಅಂತ ಹೇಳ್ರೇ! ಕಿವ್ಯಾಗ ಗುಂಡು ಹೊಡದಂಗ ಆಗಾಕತ್ತದ!" ಒದರುವಳೇ ಹೊರತು ಜಾಗ ಬಿಟ್ಟು ಏಳುತ್ತಿರಲಿಲ್ಲ.

ಹುಮನಾಬಾದಿನಲ್ಲಿ ಒಬ್ಬ ಮಾಸ್ತರ ಇದ್ದ. ಮೊದಲು ಟೈಪಿಂಗ್ ಕಲಿಸುತ್ತಿದ್ದವನು, ಆಮೇಲೆ ಕಂಪ್ಯೂಟರ್ ಇಟ್ಟು ಮದುವೆಯ ವಿಡಿಯೋಗಳಿಗೆ ಹಾಡು ಕೂಡಿಸುವ ಕೆಲಸ ಹಿಡಿದಿದ್ದ. ಕ್ಯಾಸೆಟ್ಟಿನ ಕಾಲ ಮುಗಿದು ಸಿಡಿ ಬಂದ ಹೊಸತು. ಮಂಡಳಿಯ ಪದಗಳನ್ನು ಸಿಡಿ ಮಾಡೋಣ ಎಂದು ಅವನೇ ಕರೆದ. ಮೊದಲು ನೆಗೆಣ್ಣಿ ಒಬ್ಬಳೇ ತಾಳ ಹಿಡಿದು ಹಾಡುವುದು, ಹೆಂಗಸರು ಮರಳಿ ಹೇಳುವ ಜಾಗ ಖಾಲಿ ಬಿಡುವುದು, ಮುಂದಿನ ವಾರ ಅವರನ್ನು ಕರೆತಂದು ಆ ಜಾಗ ತುಂಬುವುದು, ಹೀಗೆಂದು ಮಾತಾಯಿತು.

ಗೋಡೆಗೆಲ್ಲ ಕೌದಿ ಕಟ್ಟಿದ ಕೋಣೆ. ಮಾಸ್ತರ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಕೊರೆದು, "ಇದರಾಚೆ ಬರಬ್ಯಾಡ್ರಿ ಅಕ್ಕಾವ್ರ," ಎಂದು ಮೈಕಿನಿಂದ ಒಂದು ಮಾರು ದೂರ ನಿಲ್ಲಿಸಿದ. ನನಗೆ ಖುಷಿಯಾಯಿತು. ಕಡೆಗೂ ಒಬ್ಬ ಗಂಡಸು ಇವಳನ್ನು ಹದ್ದುಬಸ್ತಿನಲ್ಲಿ ಇಟ್ಟ ಎಂದುಕೊಂಡೆ. ಅವಳು ಹಾಡಿದ್ದು ಒಂದೇ ಪದ, ಅತ್ತೆ ಬೀಸುವಾಗ ಹಾಡುತ್ತಿದ್ದದ್ದು, ಅತ್ತೆಯಿಂದಲೇ ಕಲಿತದ್ದು. ಹೊರಗೆ ಬಂದು, "ಅಕ್ಕಾ, ಗೋಡೀಗಿ ಹಾಡಿದಂಗಾತು," ಎಂದಳು. "ಹಂಗಾರ ಗೋಡಿ ಸುಧಾರಿಸ್ತು ಬಿಡು," ಎಂದೆ ನಾನು.

ಮುಂದಿನ ವಾರ ಬರಲಿಲ್ಲ. ಅವಳಿಗೆ ಕಾಮಣಿ ಆಯಿತು, ಕಣ್ಣು ಹಳದಿಯಾದವು, ಹೊಟ್ಟೆಗೆ ಇಳಿಯಿತು. ಎರಡು ತಿಂಗಳಲ್ಲಿ ಹೋದಳು. ಹೆಚ್ಚು ಹೇಳುವುದೇನಿಲ್ಲ.

ವರ್ಷದ ಪುಣ್ಯತಿಥಿ ಹತ್ತಿರ ಬಂದಾಗ ಮಂಡಳಿಯವರು ಹಾಡಲು ಒಪ್ಪಲಿಲ್ಲ. ಅವಳು ಹೋದಾಗಿನಿಂದ ಮಂಡಳಿಯೇ ಕೂತಿರಲಿಲ್ಲ. "ಎತ್ತಿಕೊಡೋರು ಯಾರು?" ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದವಳು ಒಂದು ಮಾತು ಹೇಳಿದಳು: "ನನ್ನ ಪದಾ ಅಕಿ ಒಯ್ದಳು. ಇನ್ನ ಯಾರ ಕೂಡ ಬೀಸಲಿ?"

ಆಗ ನನಗೆ ಆ ಖಾಲಿ ಜಾಗದ ಹಾಡು ನೆನಪಾಯಿತು. ಭೋಂಗಾದಿಂದ ಅವಳು ಎತ್ತಿಕೊಟ್ಟರೆ ಹೆಂಗಸರು ಮರಳಿ ಹೇಳಿಯಾರು. ಮಂಡಳಿ ಮತ್ತೆ ಕೂರುವುದಾದರೆ ಅವತ್ತೇ ಕೂರಬೇಕು, ಇಲ್ಲದಿದ್ದರೆ ಮುಗಿಯಿತು. ನನಗೂ ಅವಳನ್ನು ಒಮ್ಮೆ ಕೇಳಬೇಕಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಮಾಸ್ತರನಿಂದ ಸಿಡಿ ತರಿಸಿ, ತಿಥಿಗೆ ಕೆಲವು ದಿನ ಮುಂಚೆಯೇ ಅಂಗಳದಲ್ಲಿ ಹಚ್ಚಿ ನೋಡಿದೆ. ಮಂಡಳಿಯ ನಾಲ್ವರು ಬಂದಿದ್ದರು. ಅತ್ತೆಯನ್ನು ಎಬ್ಬಿಸಿ ಭೋಂಗಾದ ಬುಡಕ್ಕೆ ಕೂರಿಸಿದೆ. ಹಾಡು ಬಂತು. ನೀರಿನಲ್ಲಿ ತೊಳೆದಂಥ ದನಿ. ನುಡಿ ಮುಗಿದು ಖಾಲಿ ಜಾಗ ಬಂತು, ಬರೀ ತಾಳ ಕೇಳಿಸಿತು. ಯಾರೂ ಬಾಯಿ ತೆರೆಯಲಿಲ್ಲ.

"ಇಕಿ ಯಾರಬೇ?" ಎಂದಳು ಅತ್ತೆ.

"ನಿಮ್ಮ ಸಣ್ಣ ಸೊಸೀನೇ ಅತ್ತೀ."

"ಹೋಗಬೇ. ಇಕಿ ಯಾರೋ ಸಾಲಿ ಹುಡುಗಿ. ಪರೀಕ್ಷಾಕ್ಕ ಹಾಡಾಕತ್ತಾಳ."

ಹೆಂಗಸರು ನಗಲಿಲ್ಲ. ಮುದುಕಿ ಹೇಳಿದ್ದು ಖರೆ ಇತ್ತು.

ನಾನು ಮೊದಲು ತಂತಿ ಬದಲಿಸಿದೆ. ಆಮೇಲೆ ಭೋಂಗಾದ ಹಿಂದಿನ, ಸದ್ದು ಹೊರಡಿಸುವ ಯುನಿಟ್ ಬದಲಿಸಿದೆ. ಜೋರು ಮಾಡಿದೆ. ಜೋರಾಯಿತು, ಅವಳಾಗಲಿಲ್ಲ. ಮರುದಿನ ಹುಮನಾಬಾದಿಗೆ ಹೋದೆ.

ಮಾಸ್ತರ ಪರದೆಯ ಮೇಲೆ ಅವಳ ದನಿ ತೆಗೆದು ತೋರಿಸಿದ. ಜೋಳದ ತೆನೆಗಳನ್ನು ಸಾಲಾಗಿ ಮಲಗಿಸಿದ ಹಾಗಿತ್ತು. "ಖಡಕ್ ಬೇಕಂದ್ರ ಇಲ್ಲೇ ಎತ್ತತೀನಿ ಆಯಿ," ಎಂದು ಎತ್ತಿದ. ತೆನೆಗಳ ತಲೆ ಕುಡುಗೋಲಿನಿಂದ ಸವರಿದಂತೆ ಸಪಾಟಾದವು. ಸ್ಪೀಕರಿನಿಂದ ತಗಡು ಹರಿದ ಸದ್ದು ಬಂತು.

"ಬಂದ್ ಮಾಡೋ! ಅಕೀನ ಕೊಂದೆಲ್ಲ."

"ಕಂಪ್ಯೂಟರಿಗಿ ಹದಾ ಅಂಬೋದು ಗೊತ್ತಿಲ್ಲ ಆಯಿ. ಹದ್ದು ಮುಟ್ಟೋ ತನಕ ಏನೂ ಅನ್ನಂಗಿಲ್ಲ. ಮುಟ್ಟಿದ ಕೂಡ್ಲೇ ತಲಿ ಕಡೀತದ."

ಆಮೇಲೆ ಪ್ರತಿಧ್ವನಿ ಹಾಕಿದ. ಬಾವಿಯಲ್ಲಿ ಬಿದ್ದವಳು ಒದರಿದ ಹಾಗಾಯಿತು. "ಭಾಲ್ಕಿ ಕಡೆ ಒಬ್ಬಾಕಿ ಮಸ್ತ್ ಹಾಡ್ತಾಳ, ಅಕೀನೇ ಕರಸ್ರಲ್ಲ," ಎಂದ. ನಾನು ಅವನ ಮುಖ ನೋಡಿದೆ. ಅವನು ಪದವನ್ನು ಮೊದಲಿನಂತೆ ಮಾಡಿ ಮತ್ತೊಮ್ಮೆ ಹಚ್ಚಿದ.

ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಮೇಲಿನ ನುಡಿ ಬಂದಾಗ ಮಾಸ್ತರ ಕೇಳಿದ: "ಆಯಿ, ಕೈ ಏನ್ ಮಾಡಾಕತ್ತದರಿ?"

ನೋಡಿದರೆ ನನ್ನ ಬಲಗೈ ಮೇಜಿನ ಮೇಲೆ ಇಲ್ಲದ ನಾಬೊಂದನ್ನು ಹಿಡಿದು ಇಳಿಸುತ್ತಿತ್ತು.

ಅಲ್ಲಿಯೇ ತಿಳಿಯಿತು. ಕೈ ಇಳಿಸುತ್ತಿದೆ, ಆದರೆ ಇಳಿಸುವುದಕ್ಕೆ ಅಲ್ಲಿ ಏನೂ ಇಲ್ಲ. ಕೆಂಪು ದೀಪವಿಲ್ಲ, ಒಡೆಯುವ ದನಿಯಿಲ್ಲ. ಓಣಿಯವರು ಹನ್ನೆರಡು ವರ್ಷ ಕೇಳಿದ್ದು, ನಾನು ಇಳಿಸುವ ಮೊದಲು ಒಡೆದು ಹೋಗುತ್ತಿದ್ದ ಆ ಅರ್ಧ ನುಡಿಯನ್ನು. ಅವರಿಗೆ ಅದೇ ಅವಳು. ನಾನು ಅದನ್ನು ಅವಳ ತಪ್ಪು ಎಂದುಕೊಂಡಿದ್ದೆ. ನಮ್ಮ ಮಿಕ್ಸರ್ ಕಂಪ್ಯೂಟರಿನ ಹಾಗೆ ಒಮ್ಮೆಲೇ ತಲೆ ಕಡಿಯುವುದಿಲ್ಲ. ಬೆಲ್ಲದ ಪಾಕ ಸೀಯುವ ಮೊದಲು ಕೆಂಪಾಗುತ್ತದಲ್ಲ, ಹಾಗೆ ದನಿ ಮೊದಲು ದಪ್ಪವಾಗುತ್ತದೆ, ಆಮೇಲೆ ಬಿರಿಯುತ್ತದೆ. ಆ ಹದದಲ್ಲಿ ಅವಳಿದ್ದಳು.

"ಮಾಸ್ತರ, ನಾಳಿ ನಮ್ಮ ಮಿಕ್ಸರ್ ತರ್ತೀನಿ. ಕಂಪ್ಯೂಟರಿನಾಗಿಂದ ಅಕಿ ಅವಾಜ್ ಹೊರಗ ತೆಗದು ಅದರಾಗ ಹಾಯಿಸಿ ಮತ್ತ ಒಳಗ ತುಂಬೋಣು."

"ಸಾಫ್ ಅವಾಜ್ ಹೊರಗ ತೆಗದು ಕೆಡಿಸಿ ಒಳಗ ಹಾಕೋದ್ರಿ?"

"ಹೌದು. ಕೆಡಸೂದೇ."

ಮರುದಿನ ಮಿಕ್ಸರನ್ನು ಕೌದಿಯಲ್ಲಿ ಸುತ್ತಿ ಬಸ್ಸು ಹತ್ತಿದೆ. ತೊಡೆಯ ಮೇಲೆ ಇಟ್ಟುಕೊಂಡರೆ ಕಾಲು ಜೋಮು ಹಿಡಿಯುವಷ್ಟು ಭಾರ. ಕಂಡಕ್ಟರ್ ಬಂದು, "ಏನ್ರಿ ಆಯಿ ಇದು, ಕೂಸಿನಂಗ ಹಿಡಕೊಂಡೀರಿ?" ಎಂದ.

"ನನ್ನ ಗಂಡನ ಎರಡನೇ ಹೆಂಡ್ತಿ."

"ಹಂಗಾರ ಅಕಿಗೂ ಟಿಕೇಟ್ ತಗೋರಿ."

"ಅಕಿ ನನ್ನ ತೊಡೀ ಮ್ಯಾಲೆ ಕುಂತಾಳ. ತೊಡೀ ಮ್ಯಾಲಿನವರಿಗಿ ಟಿಕೇಟ್ ಇಲ್ಲ."

ಬಸ್ಸಿಗೆ ಬಸ್ಸೇ ನಕ್ಕಿತು. ರಾಜೇಶ್ವರದವರೆಗೂ ಕಂಡಕ್ಟರ್ "ಸವತೀನ ಹುಷಾರ್ ಹಿಡೀರಿ" ಎನ್ನುತ್ತಲೇ ಇದ್ದ.

ಕೆಲಸಕ್ಕೆ ಕೂತದ್ದು ಹೊತ್ತು ಏರುವ ಮೊದಲೇ. ಕಂಪ್ಯೂಟರಿನ ಹಿಂದಿನ ಹಸಿರು ತೂತಿನಿಂದ ತಂತಿ ಎಳೆದು ಅದರ ಪಿನ್ನನ್ನು ಮಿಕ್ಸರಿಗೆ ಕೊಟ್ಟೆವು. ಮಿಕ್ಸರಿನಿಂದ ಹೊರಬರುವುದನ್ನು ಕಂಪ್ಯೂಟರಿನ ನೀಲಿ ತೂತಿಗೆ. ಮೊದಲು ಬಂದದ್ದು ಗುಂಯ್ ಎನ್ನುವ ಸದ್ದು, ಜೇನು ಎದ್ದ ಹಾಗೆ. ಮಾಸ್ತರ ಗಾಬರಿಯಾದ. ಅದು ನನ್ನ ನಿತ್ಯದ ಬಾಳು. ಕಂಪ್ಯೂಟರಿಗೆ ಒಂದು ಕಡೆಯ ಅರ್ಥಿಂಗ್, ಮಿಕ್ಸರಿಗೆ ಇನ್ನೊಂದು ಕಡೆಯದು. ಎರಡನ್ನೂ ಒಂದೇ ಬೋರ್ಡಿಗೆ ಹಾಕಿದೆ, ಗುಂಯ್ ನಿಂತಿತು.

ನಾಲ್ಕನೆಯ ಸಾಲು ಮಾತ್ರ ಮೂಕ. "ಮೂರನೇದು ಅದಲ್ರಿ, ಎಲ್ಲಾ ಒಂದೇ," ಎಂದ ಮಾಸ್ತರ. ಮೂರರಲ್ಲಿ ಹಾಕಿ ನೋಡಿದೆವು. ಟೇಪಿನ ತೂತಿಗೆ ಹಾಕಿ ನಾಬನ್ನು ಕಡೆಯವರೆಗೆ ತಿರುಗಿಸಿದರೂ ಕೆಂಪು ದೀಪ ಒಮ್ಮೆ ಮಿಣುಕಿ ಸುಮ್ಮನಾಯಿತು. ಆ ತೂತು ಜೋರು ಸದ್ದಿಗೆಂದೇ ಮಾಡಿದ್ದು, ತಡೆದುಕೊಳ್ಳುತ್ತದೆ. ಉಳಿದದ್ದು ಮೈಕಿನ ತೂತು. ಯಜಮಾನರ ಮಾತು ಕಿವಿಯಲ್ಲಿತ್ತು. ಪಿನ್ನು ಕಿತ್ತು ಮೈಕಿನ ತೂತಿಗೆ ಹಾಕಿದೆ. ದೀಪ ಹತ್ತಿದ್ದು ಆರಲೇ ಇಲ್ಲ. ಜಲ್ಲಿ ಕಲ್ಲು ಸುರಿದ ಹಾಗೆ ಸದ್ದು ಬಂತು, ಒಂದು ಅಕ್ಷರ ತಿಳಿಯಲಿಲ್ಲ. ಮಾಸ್ತರ ಕಂಪ್ಯೂಟರಿನ ದನಿಯನ್ನು ಇಳಿಸುತ್ತ ಇಳಿಸುತ್ತ ಕಾಲು ಭಾಗಕ್ಕೆ ತಂದ. ಆಗ ನುಡಿ ಕೇಳಿಸಿತು. ಆದರೂ ಬೇರೆ ಯಾರೋ ಗಂಟಲು ಕೆಟ್ಟವಳು.

ನಾನು ಸ್ಕ್ರೂ ಬಿಚ್ಚಿ ಮಿಕ್ಸರಿನ ತಳ ತೆಗೆದೆ. ನಾಲ್ಕನೆಯ ಸಾಲಿನ ತೂತಿನ ಹಿಂದೆ ಒಂದು ತಂತಿ ಬೆಸುಗೆ ಬಿಟ್ಟು ನಿಂತಿತ್ತು, ಬಸ್ಸಿನ ಕುಲುಕಿಗೆ. ಮಾಸ್ತರನ ಹತ್ತಿರ ಬೆಸುಗೆ ಕಡ್ಡಿ ಇತ್ತು, ಬೆಸೆದೆ. ಯಾಕೆ ಅಷ್ಟು ಹಟ ಎಂದು ಅವನು ಕೇಳಲಿಲ್ಲ, ಒಳ್ಳೆಯದಾಯಿತು.

ನಾಲ್ಕರಲ್ಲಿ, ಮೈಕಿನ ತೂತಿಗೇ ಹಾಕಿ, ಹಾಯಿಸಿದೆವು. ನಾಬು ಕೆಂಪು ಗೆರೆಯವರೆಗೆ ಬಂತು. ದಾಟಿಸಿದೆ. ದನಿ ದಪ್ಪವಾಯಿತು. ಇನ್ನಷ್ಟು. ಅಂಚಿನಲ್ಲಿ ಸಣ್ಣಗೆ ಬಿರಿಯಿತು. ಅದೇ ಗುರುತಿನ ಬಿರುಕು. ಮಾಸ್ತರನ ಕೈಯಲ್ಲಿನ ಚಹಾ ಹಾಗೇ ನಿಂತಿತು.

ದನಿ ಹೊರಗೆ ಹೋಗುವ ಕಡೆಯ ಜಾರುಪಟ್ಟಿಯನ್ನು ಬಹಳ ಕೆಳಗೆ ಇಟ್ಟೆ. ಒಳಬಾಗಿಲಲ್ಲಿ ಎಷ್ಟು ಗದ್ದಲವಿದ್ದರೂ ಹೊರಬಾಗಿಲಿನಿಂದ ತಗ್ಗಿ ಹೋಗಬೇಕು. ಇಲ್ಲದಿದ್ದರೆ ಮರಳಿ ಕಂಪ್ಯೂಟರಿಗೆ ಮುಟ್ಟಿದಾಗ ಅದು ತಲೆ ಕಡಿದೀತು. ಇದು ಮಾಸ್ತರನಿಗೆ ಹೊಸದು, "ಇದನ್ನ ಯಾರು ಕಲಿಸಿದ್ರಿ ಆಯಿ?" ಎಂದ. "ಭೋಂಗಾ ಸುಟ್ಟು ಸುಟ್ಟು ಕಲ್ತೀನಿ," ಎಂದೆ.

ಒಂದು ತೊಡಕು ಉಳಿಯಿತು. ನಾಬನ್ನು ಒಂದೇ ಕಡೆ ಇಟ್ಟರೆ ತಗ್ಗಿನ ನುಡಿಯೂ ಒಡೆಯುತ್ತದೆ, ಖಾಲಿ ಜಾಗದಲ್ಲಿ ತಾಳ ತಗಡಾಗುತ್ತದೆ. ಅವಳು ಎಲ್ಲ ಕಡೆ ಬಾಗುತ್ತಿರಲಿಲ್ಲ. ಕೆಲವು ಕಡೆ ಬಾಗುತ್ತಿದ್ದಳು, ಕೆಲವು ಕಡೆ ಉಸಿರೆಳೆದುಕೊಂಡು ಹಿಂದಕ್ಕೆ ಸರಿಯುತ್ತಿದ್ದಳು. ಪದ ಓಡುವಾಗಲೇ ಕೈಯಿಂದ ಏರಿಸಿ ಇಳಿಸಬೇಕು. ಅವಳು ಎಲ್ಲಿ ಬಾಗುತ್ತಾಳೆಂದು ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ. ಹನ್ನೆರಡು ವರ್ಷ ಅದೇ ಜಾಗಕ್ಕೆ ಹೆದರಿ ಕೂತವಳು ನಾನು.

ಮೊದಲ ಸಲ ತಪ್ಪಿತು. ಮೇಲಿನ ನುಡಿ ಬಂದ ಕೂಡಲೇ ಕೈ ಇಳಿಸಿಬಿಟ್ಟಿತು. ಎರಡನೆಯ ಸಲವೂ ಅದೇ. "ಆಯಿ, ಏರಸ್ರಿ," ಎಂದ ಮಾಸ್ತರ. "ಗೊತ್ತದ ಸುಮ್ನಿರು," ಎಂದೆ. ನಾಲ್ಕನೆಯ ಸಲಕ್ಕೆ ಎಡಗೈಯಿಂದ ಹಿಡಿದೆ. ಎಡಗೈಗೆ ಹಳೆಯ ರೂಢಿ ಇರಲಿಲ್ಲ, ಹೇಳಿದ್ದು ಕೇಳಿತು. ಅವಳು ಬಾಗುವ ಕಡೆ ನಾನೂ ಮುಂದೆ ಬಾಗಿದೆ, ಗೆರೆ ದಾಟಿಸಿದೆ. ಅವಳು ಸರಿಯುವ ಕಡೆ ಸರಿದೆ. ಖಾಲಿ ಜಾಗದಲ್ಲಿ ಗೆರೆಯ ಈಚೆಗೆ ತಂದು ಕೈ ಎತ್ತಿ ಕೂತೆ. ಪದ ಮುಗಿದಾಗ ಬೆನ್ನು ಹಿಡಿದುಕೊಂಡಿತ್ತು. ಇಷ್ಟು ಬಾಗಿ ಬಾಗಿ ಅವಳು ಮೂರು ಮೂರು ತಾಸು ಹೇಗೆ ಹಾಡುತ್ತಿದ್ದಳೋ. ಇದ್ದಾಗ ಕೇಳಿರಲಿಲ್ಲ.

ಮಾಸ್ತರ ಹೊಸ ಸಿಡಿ ತೆಗೆದುಕೊಟ್ಟು, "ಆಯಿ, ಇದು ಕೆಟ್ಟ ರೆಕಾರ್ಡಿಂಗ್ ಅದ. ನನ್ನ ಹೆಸರು ಎಲ್ಲೂ ಹೇಳಬ್ಯಾಡ್ರಿ," ಎಂದ. ಬಸ್ ಸ್ಟ್ಯಾಂಡಿನವರೆಗೆ ಮಿಕ್ಸರನ್ನು ಅವನೇ ಹೊತ್ತುಕೊಂಡು ಬಂದ.

ಪುಣ್ಯತಿಥಿಯ ದಿನ ಮುಂಜಾನೆ ಅಂಗಳದಲ್ಲಿ ಮಂಡಳಿಯ ಹೆಂಗಸರೆಲ್ಲ ಬಂದು ಕೂತರು. ತಾಳ ತಂದಿದ್ದರು, ಆದರೆ ಸೆರಗಿನೊಳಗೆ ಇಟ್ಟುಕೊಂಡಿದ್ದರು. ಅತ್ತೆ ಭೋಂಗಾದ ಬುಡದಲ್ಲಿ. ಸಿಡಿಯ ಪೆಟ್ಟಿಗೆಯನ್ನು ಮಿಕ್ಸರಿನ ಒಂದನೆಯ ಸಾಲಿಗೆ, ಟೇಪಿನ ತೂತಿಗೆ, ನೇಮದ ಪ್ರಕಾರ ಹಾಕಿದೆ. ಒಡೆಯಬೇಕಾದದ್ದೆಲ್ಲ ಈಗ ಸಿಡಿಯೊಳಗೇ ಇತ್ತು. ನಾಲ್ಕನೆಯ ಸಾಲಿಗೆ ಏನೂ ಹಾಕಿರಲಿಲ್ಲ.

ಹಚ್ಚಿದೆ. ತಗ್ಗಿನ ನುಡಿ ಬಂತು, ಹೋಯಿತು. ಖಾಲಿ ಜಾಗ ಬಂತು. ತಾಳ ಮಾತ್ರ. ಯಾರೂ ಹೇಳಲಿಲ್ಲ. ಎರಡನೆಯದು ಮೇಲಿನ ನುಡಿ. ಅವಳು ಎತ್ತಿದಳು, ಎತ್ತುತ್ತಲೇ ಬಿರಿಯಿತು, ಬೇವಿನ ಮರದ ಕಾಗೆಗಳೆಲ್ಲ ಎದ್ದವು.

ಅತ್ತೆ ಎರಡೂ ಕಿವಿ ಮುಚ್ಚಿಕೊಂಡಳು. "ಅಕಿಗಿ ಮೈಕ್ ದೂರ ಹಿಡಿ ಅಂತ ಹೇಳ್ರೇ!" ಎಂದು ಒದರಿದಳು.

ಒಬ್ಬಳು ನಕ್ಕಳು. ನಗುತ್ತಲೇ ಆ ನುಡಿಯನ್ನು ಮರಳಿ ಹೇಳಿದಳು. ಖಾಲಿ ಜಾಗ ಮುಗಿಯುವುದರೊಳಗೆ ಇಡೀ ಅಂಗಳ ಹೇಳುತ್ತಿತ್ತು. ಸೆರಗಿನಿಂದ ತಾಳ ಹೊರಗೆ ಬಂದವು. ಅತ್ತೆ ಕಿವಿಯಿಂದ ಕೈ ತೆಗೆದು, ಬೀಸುವ ಕಲ್ಲಿನ ಗೂಟ ಹಿಡಿದವಳ ಹಾಗೆ ಮುಷ್ಟಿ ಮಾಡಿ ತಿರುಗಿಸುತ್ತ ಹಾಡಿಗೆ ಸೇರಿದಳು.

ಮುಂದಿನ ಮೇಲಿನ ನುಡಿ ಬಂತು. ನನ್ನ ಬಲಗೈ ನನ್ನನ್ನು ಕೇಳದೆಯೇ ನಾಲ್ಕನೆಯ ಸಾಲಿನ ನಾಬಿಗೆ ಹೋಯಿತು. ಇಳಿಸಿದೆ. ಗೆರೆಯ ಈಚೆಗೆ ತಂದೆ, ಇನ್ನೂ ಈಚೆಗೆ, ಪೂರ್ತಿ ಕೆಳಗೆ.

ದನಿ ಇಳಿಯಲಿಲ್ಲ.